ಶೆಡ್ಡಿನಲ್ಲಿ ನಿಂತಿರುವ ಹಳೇ ಯೆಜ್ಡಿಯ ಇಂಜಿನ್ ಮನೆಯಲ್ಲೇ ಬಿಚ್ಚಿ ಕಟ್ಟಬಹುದೇ?

ಖಂಡಿತ ಕಟ್ಟಬಹುದು. ನಿಮ್ಮ ತಂದೆಯವರ ಯೆಜ್ಡಿ ರೋಡ್‌ಕಿಂಗ್ ಬೈಕ್ ವರ್ಷಗಟ್ಟಲೆ ಓಡಿಲ್ಲ, ಕಿಕ್ ಸಡಿಲವಾಗಿದೆ, ಸ್ಟಾರ್ಟ್ ಆದರೆ ದಟ್ಟ ಬಿಳಿ ಹೊಗೆ ಬರುತ್ತದೆ, ಮೆಕ್ಯಾನಿಕ್ ಬೋರ್ ಮಾಡಿಸಿ (ಸಿಲಿಂಡರಿನ ಒಳಗೋಡೆ ಕೊರೆಸಿ) ಹೊಸ ಪಿಸ್ಟನ್ ಹಾಕಿದರೆ ಸಾಕು ಅಂದಿದ್ದಾರೆ ಅಂತ ಬರೆದಿದ್ದೀರಿ. ನನ್ನ ಮಾತು ಕೇಳುವುದಾದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಕ್ರ್ಯಾಂಕ್ ಸೀಲ್, ಅಂದರೆ ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ದಂಡದ ಎರಡೂ ಬದಿಯ ರಬ್ಬರ್ ಬಳೆ, ಬದಲಿಸದೆ ಈ ಇಂಜಿನ್ ಮುಚ್ಚಲೇಬಾರದು.

ಕಾರಣ ಇದು. ಇದು ಟೂ ಸ್ಟ್ರೋಕ್ ಇಂಜಿನ್, ಇದರಲ್ಲಿ ಪೆಟ್ರೋಲ್ ಮಿಶ್ರಣ ಮೊದಲು ಹೋಗುವುದೇ ಕ್ರ್ಯಾಂಕ್ ತಿರುಗುವ ಗೂಡಿಗೆ, ಅಂದರೆ ಕ್ರ್ಯಾಂಕ್ ಕೇಸಿನೊಳಕ್ಕೆ. ಪಿಸ್ಟನ್ ಮೇಲೇರುವಾಗ ಎಳೆದುಕೊಳ್ಳುತ್ತದೆ, ಇಳಿಯುವಾಗ ಒತ್ತಿ ಸಿಲಿಂಡರಿಗೆ ಕಳಿಸುತ್ತದೆ. ಎಡಗಡೆಯ, ಅಂದರೆ ಗೇರ್ ಆಯಿಲ್ ಇರುವ ಕಡೆಯ ಸೀಲ್ ಹೋಗಿದ್ದರೆ ಆ ಎಳೆತಕ್ಕೆ ಗೇರ್ ಆಯಿಲ್ಲೂ ಒಳಗೆ ಬಂದು ಉರಿಯುತ್ತದೆ. ಬಿಳಿ ಹೊಗೆ ಅಲ್ಲಿಂದಲೇ. ಬಲಗಡೆಯ, ಅಂದರೆ ಮ್ಯಾಗ್ನೆಟ್ ಕಡೆಯ ಸೀಲ್ ಹೋಗಿದ್ದರೆ ಹೊಗೆಯೇ ಇರುವುದಿಲ್ಲ, ಆದರೆ ಗಾಳಿ ನುಗ್ಗಿ ಪೆಟ್ರೋಲ್, ಆಯಿಲ್ ಎರಡೂ ಸಾಲದಾಗುತ್ತವೆ. ಹೊಸ ಪಿಸ್ಟನ್ ಹೆದ್ದಾರಿಯಲ್ಲಿ ಸೀಜ್ ಆಗುವುದು, ಅಂದರೆ ಬಿಸಿಗೆ ಸಿಲಿಂಡರಿನಲ್ಲಿ ಕಚ್ಚಿಕೊಂಡು ನಿಲ್ಲುವುದು, ಹೀಗೆ. ಬಿಚ್ಚುವ ಮೊದಲು ಗೇರ್ ಆಯಿಲ್ ಮಟ್ಟ ನೋಡಿ. ಹೊರಗೆಲ್ಲೂ ಸೋರದೆ ಕಡಿಮೆಯಾಗಿದ್ದರೆ ಅದನ್ನು ಕುಡಿದದ್ದು ಇಂಜಿನ್ನೇ. ಸೈಲೆನ್ಸರಿನಲ್ಲಿ ಕೂತ ಹಳೇ ಆಯಿಲ್ ಕೂಡ ಸ್ವಲ್ಪ ಹೊತ್ತು ಹೊಗೆ ಕೊಡುತ್ತದೆ, ಅದಕ್ಕೆ ಗಾಬರಿ ಬೇಡ.

ಹೆಡ್ಡು (ಮೇಲಿನ ಮುಚ್ಚಳ), ಬ್ಯಾರೆಲ್ (ಸಿಲಿಂಡರ್) ಬಿಚ್ಚುವುದು ಕಷ್ಟವಿಲ್ಲ. ಪಿಸ್ಟನ್ ಪಿನ್ನನ್ನು ಹಿಡಿದಿಡುವ ಸಣ್ಣ ತಂತಿ ಬಳೆ, ಅಂದರೆ ಸರ್ಕ್ಲಿಪ್ ತೆಗೆಯುವ ಮುನ್ನ ಕೇಸಿನ ಬಾಯಿಗೆ ಬಟ್ಟೆ ತುರುಕಿ. ಸರ್ಕ್ಲಿಪ್ ಒಳಗೆ ಹಾರಿದರೆ ಇಡೀ ಕೇಸ್ ಬಿಚ್ಚಿ ಹುಡುಕಬೇಕು. ಆಮೇಲೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ಮೇಲಕ್ಕೆ ತಂದು ಎರಡು ಬೆರಳಲ್ಲಿ ಹಿಡಿದು ನೇರವಾಗಿ ಮೇಲೆ ಕೆಳಗೆ ಎಳೆದು ನೋಡಿ. ಪಕ್ಕಕ್ಕೆ ಅಲ್ಲಾಡುವುದು ಸಹಜ. ಮೇಲೆ ಕೆಳಗೆ ಕಟಕ್ ಅಂದರೂ ರಾಡ್ ಕಿಟ್ (ಹೊಸ ರಾಡ್, ಅದರ ಬೇರಿಂಗ್) ಹಾಕಿಸಬೇಕು.

ಮಧ್ಯದಲ್ಲಿ ಕ್ರ್ಯಾಂಕ್, ಬೋರ್ ಎರಡು ಕೆಲಸ ಮಾತ್ರ ಮನೆಯವಲ್ಲ, ಲೇತ್ ಶಾಪಿನವು. ಈ ಕ್ರ್ಯಾಂಕ್ ಒತ್ತಿ ಜೋಡಿಸಿದ್ದು. ಪ್ರೆಸ್ ಯಂತ್ರ ಇಲ್ಲದೆ ಬಿಚ್ಚಲಾಗದು, ಸಣ್ಣ ಓರೆ ಅಳೆಯುವ ಡಯಲ್ ಗೇಜ್ ಇಟ್ಟು ನೇರ ಮಾಡದಿದ್ದರೆ ಹೊಸ ಬೇರಿಂಗೂ ಉಳಿಯುವುದಿಲ್ಲ. ಸುತ್ತಿಗೆಯಲ್ಲಿ ಹೊಡೆದು ಕೂರಿಸುವವರ ಕೈಗೆ ದಯವಿಟ್ಟು ಕೊಡಬೇಡಿ. ಬೋರ್ ಮಾಡಿಸಲು ಬ್ಯಾರೆಲ್ ಜೊತೆ ಹೊಸ ಪಿಸ್ಟನ್ನನ್ನೂ ಒಯ್ಯಿರಿ. ಪಿಸ್ಟನ್ ಅಳೆದು ಅದಕ್ಕೆ ತಕ್ಕಂತೆ ಬೋರ್ ಮಾಡಬೇಕೇ ಹೊರತು ಡಬ್ಬಿಯ ಮೇಲಿನ ನಂಬರ್ ನೋಡಿ ಅಲ್ಲ. ಮೂಲ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 65 ಮಿ.ಮೀ. ಈಗಿನ ಪಿಸ್ಟನ್ ತಲೆಯ ಮೇಲೆ 0.50, 0.75 ಅಂತೇನಾದರೂ ಕೊರೆದಿದೆಯಾ ನೋಡಿ, ಇನ್ನೆಷ್ಟು ಬೋರ್ ಉಳಿದಿದೆ ಅನ್ನುವುದು ಗೊತ್ತಾಗುತ್ತದೆ.

ಬ್ಯಾರೆಲ್ ವಾಪಸ್ ಬಂದಾಗ ಅದರ ಗೋಡೆಯಲ್ಲಿರುವ ಕಿಂಡಿಗಳ, ಅಂದರೆ ಪೋರ್ಟುಗಳ ಅಂಚಿನ ಮೇಲೆ ಬೆರಳಾಡಿಸಿ. ಚೂಪಾಗಿದ್ದರೆ ಪಿಸ್ಟನ್ನಿನ ರಿಂಗ್ ಸಿಕ್ಕಿ ಮುರಿಯುತ್ತದೆ, ಹದವಾಗಿ ಉಜ್ಜಿಸಿ. ಪಿಸ್ಟನ್ನಿನ ಬಾಣದ ಗುರುತು ಸೈಲೆನ್ಸರ್ ಕಡೆಗಿರಲಿ, ರಿಂಗಿನ ಎರಡು ತುದಿ ಸಣ್ಣ ಪಿನ್ನಿನ ಅಕ್ಕಪಕ್ಕ ಸರಿಯಾಗಿ ಕೂರಲಿ. ಸೀಲ್ ಯಾವ ದಿಕ್ಕಿಗೆ ಕೂತಿತ್ತೋ ತೆಗೆಯುವ ಮುಂಚೆಯೇ ಫೋಟೋ ಹಿಡಿಯಿರಿ. ಪಾಯಿಂಟ್ (ಪ್ಲಗ್ಗಿನ ಕಿಡಿಯ ಸಮಯ ನಿರ್ಧರಿಸುವ ಸಣ್ಣ ಸ್ವಿಚ್) ಇರುವ ಗಾಡಿಯಾದರೆ ಗ್ಯಾಪ್ 0.4 ಮಿ.ಮೀ. ಇಡಿ.

ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿದ್ದರಿಂದ ಬಿಡಿಭಾಗ ಕೊಳ್ಳುವಾಗ ಎಚ್ಚರ ಬೇಕು. 2022ರಲ್ಲಿ ಬಂದ ಹೊಸ ಯೆಜ್ಡಿ ಫೋರ್ ಸ್ಟ್ರೋಕ್, ಅದರ ಇಂಜಿನ್ ಸಾಮಾನು ಇದಕ್ಕೆ ಬರುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸುವುದಾದರೆ ಹಳೇ ಸೀಲನ್ನೇ ಕೈಯಲ್ಲಿ ಹಿಡಿದು ಹೋಗಿ. ಅಗ್ಗದ ಸೀಲ್ ಮಾತ್ರ ತರಬೇಡಿ. ಇಡೀ ಕೆಲಸದಲ್ಲಿ ಅತಿ ಕಡಿಮೆ ಬೆಲೆಯ ವಸ್ತು ಅದು, ಕೈಕೊಟ್ಟರೆ ಮತ್ತೆ ಮೊದಲಿಂದ ಬಿಚ್ಚಬೇಕು.

ಮೊದಲ ಸಲ ಸ್ಟಾರ್ಟ್ ಮಾಡುವಾಗಿಂದಲೇ ಲೀಟರ್ ಪೆಟ್ರೋಲಿಗೆ 50 ಮಿಲೀ ಟೂಟಿ (ಟೂ ಸ್ಟ್ರೋಕ್) ಆಯಿಲ್ ಹಾಕಿ, ಪಿಸ್ಟನ್ ಹೊಂದಿಕೊಂಡ ನಂತರ 40ಕ್ಕೆ ಇಳಿಸಿ. ಏರಿನಲ್ಲಿ ದಮ್ಮು ಕಟ್ಟಿಸಿ ಎಳೆಸಬೇಡಿ, ಗೇರ್ ಇಳಿಸಿ.

ಬ್ಯಾರೆಲ್ ಬಿಚ್ಚಿದ ದಿನ ರಾಡಿನ ಆಟ (ಮೇಲೆ ಕೆಳಗಿನ ಸಡಿಲ) ಎಷ್ಟಿದೆ, ಪಿಸ್ಟನ್ ಮೇಲೆ ಯಾವ ಅಂಕಿ ಇದೆ ಬರೆದು ತಿಳಿಸಿ. ಕೇಸ್ ಬಿಚ್ಚುವ ಕ್ರಮವನ್ನು ಅದನ್ನು ನೋಡಿಕೊಂಡು ಹೇಳುತ್ತೇನೆ.