ಸಾರಸದ ಹಾಜರಿ ಪುಸ್ತಕ

ಪತ್ರ: ಶಿರಹಟ್ಟಿ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ 31 ವರ್ಷ ಕಲಿಸಿ ನಿವೃತ್ತಳಾದವಳು ನಾನು. ಈಗ ಮಗನ ಜೊತೆ ಗ್ರೇಟರ್ ನೋಯ್ಡಾದ ಅಂಚಿನಲ್ಲಿದ್ದೇನೆ. ಬೆಳಿಗ್ಗೆ ತಿರುಗಾಡಲು ಹೋಗುವ ದಾರಿಯ ಪಕ್ಕ ಭತ್ತದ ಗದ್ದೆಯಲ್ಲಿ ಆಳೆತ್ತರದ, ಕೆಂಪು ತಲೆಯ ಎರಡು ಕೊಕ್ಕರೆಗಳಿವೆ. ಇಲ್ಲಿಯವರು ಸಾರಸ ಎನ್ನುತ್ತಾರೆ. ಜುಲೈನಿಂದ ಅವುಗಳ ವಿಷಯ ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಕೆಲವು ಪುಟಗಳ ಝೆರಾಕ್ಸ್ ಇಟ್ಟಿದ್ದೇನೆ. ಮಗ ನಗುತ್ತಾನೆ. ಇದರಿಂದ ಆ ಹಕ್ಕಿಗಳಿಗೆ ಏನಾದರೂ ಉಪಯೋಗವಾದೀತೆ? ವಾಲ್ಮೀಕಿಯ ಕ್ರೌಂಚ ಇದೇ ಏನು? ಇನ್ನೊಂದು ಮಾತು, ಆಗಸ್ಟಿನಲ್ಲಿ ಗೂಡಿನ ಫೋಟೊ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಮುಂದಿನ ಭಾನುವಾರ ಹತ್ತು ಜನ ಕ್ಯಾಮೆರಾ ಹಿಡಿದು ಗದ್ದೆಗೇ ಇಳಿದರು. ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. (ಹೆಸರು ಬೇಡ ಎಂದಿದ್ದಾರೆ)

ಅಕ್ಕೋರೇ, ನಮಸ್ಕಾರ.

ಹೆಸರು ಬೇಡವೆಂದಿದ್ದಕ್ಕೆ ನಮ್ಮ ಕಡೆಯ ಶಾಲೆಯಲ್ಲಿ ಕರೆಯುವ ಹಾಗೇ ಕರೆದಿದ್ದೇನೆ. ಪುಟಗಳನ್ನು ಎರಡು ಸಲ ಓದಿದೆ. ಆಗಸ್ಟ್ 3ರ ಸಾಲು ನನಗೆ ಬಾಯಿಪಾಠವಾಗಿದೆ: "ಗೂಡಿನ ಮೇಲೆ ಒಂದು. ಇನ್ನೊಂದು ಬದುವಿನ ಮೇಲೆ. ತತ್ತಿ ಎರಡು, ಎದ್ದು ನಿಂತಾಗ ಕಂಡವು. ಸಣ್ಣ ಮಳೆ. ಹಾಲಿನವನು ತಡ." ಹಾಲಿನವನನ್ನು ಬಿಟ್ಟರೆ ಇದರಲ್ಲಿ ತೆಗೆದುಹಾಕುವಂಥದ್ದು ಏನೂ ಇಲ್ಲ. ಅವನೂ ಇರಲಿ ಬಿಡಿ.

ಮೊದಲು ವಾಲ್ಮೀಕಿಯದನ್ನು ಮುಗಿಸೋಣ. ಸಾರಸದ ಬಗ್ಗೆ ನಮಗೆ ಬರುವ ಪತ್ರಗಳೆಲ್ಲ "ಮಾ ನಿಷಾದ"ದಿಂದಲೇ ಶುರುವಾಗುತ್ತವೆ. ನಿಮ್ಮದರಲ್ಲಿ ಅದು ಕೊನೆಗೆ ಬಂತು, ಅಷ್ಟರ ಮಟ್ಟಿಗೆ ಬದುಕಿದೆ. ಕ್ರೌಂಚ ಸಾರಸವೇ ಎಂದು ವಾದಿಸಿದ ವಿದ್ವಾಂಸರಿದ್ದಾರೆ, ಬೇರೆ ಹಕ್ಕಿ ಎಂದವರೂ ಇದ್ದಾರೆ. ಶೋಕ ಶ್ಲೋಕವಾದದ್ದು ಎಲ್ಲರಿಗೂ ನೆನಪಿದೆ. ನಾನು ಗಮನಿಸುವುದು ಬೇರೆ. ಸ್ಥಳ ತಮಸಾ ನದಿಯ ದಡ, ಸಂಖ್ಯೆ ಎರಡು, ಜೋಡಿ, ಕೂಡುವ ಹೊತ್ತು, ಗಂಡು ಸತ್ತಿದೆ, ಕಾರಣ ಬೇಡನ ಬಾಣ. ತಾರೀಖು ಒಂದಿದ್ದರೆ ಪಕ್ಕಾ ದಾಖಲೆ.

ತಾರೀಖಿನ ಕೊರತೆ ತುಂಬಿದವನು ಮೊಘಲ್ ಬಾದಶಹ ಜಹಾಂಗೀರ್. ಸಾಕಿದ ಒಂದು ಜೋಡಿ ಸಾರಸಕ್ಕೆ ಲೈಲಾ, ಮಜ್ನೂ ಎಂದು ಹೆಸರಿಟ್ಟು, ರಾತ್ರಿಯೆಲ್ಲ ಹೆಣ್ಣು ಕಾವು ಕೂರುವುದು, ಗಂಡು ಪಕ್ಕದಲ್ಲಿ ಕಾವಲು ನಿಲ್ಲುವುದು, 34 ದಿನಕ್ಕೆ ಮರಿಯಾದದ್ದು, ಎಲ್ಲವನ್ನೂ ಬರೆಸಿಟ್ಟ. ಇಂದಿನ ಪಕ್ಷಿಶಾಸ್ತ್ರದ ಲೆಕ್ಕವೂ ಅದರ ಆಸುಪಾಸಿನಲ್ಲೇ ಇದೆ. ಮಗ ಮತ್ತೆ ನಕ್ಕರೆ ಇದನ್ನು ಹೇಳಿ.

ಇನ್ನು ಹಕ್ಕಿ ಯಾವುದು ಎಂಬುದು. ನಮ್ಮಲ್ಲಿ ಉದ್ದ ಕಾಲು, ಉದ್ದ ಕೊಕ್ಕು ಕಂಡರೆ ಸಾಕು, ಕೊಕ್ಕರೆ. ಕೊಕ್ಕರೆ ಬೆಳ್ಳೂರಿನ ಮರಗಳ ಮೇಲೆ ಗೂಡು ಕಟ್ಟುವವು ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆ. ಸಾರಸ ಸೇರಿದ ಕ್ರೇನ್ ಎಂಬ ಕುಲಕ್ಕೂ ಅವಕ್ಕೂ ಸಂಬಂಧವಿಲ್ಲ. ನಮ್ಮ ಪತ್ರಿಕೆಯಲ್ಲೇ ಒಮ್ಮೆ ಬಣ್ಣದ ಕೊಕ್ಕರೆಯ ಚಿತ್ರದ ಕೆಳಗೆ "ಕ್ರೇನ್" ಎಂದು ಅಚ್ಚಾಗಿ, ತಿಂಗಳುಗಟ್ಟಲೆ ಬೈಸಿಕೊಂಡಿದ್ದೇವೆ. ಗುರುತು ಸುಲಭ. ಸಾರಸದ ಹಿಂಬೆರಳು ಗಿಡ್ಡ, ಮೇಲಕ್ಕೆ ಎತ್ತಿಕೊಂಡಿರುತ್ತದೆ, ಟೊಂಗೆ ಹಿಡಿಯಲಾಗದು. ಹಾಗಾಗಿ ಮರದ ಮೇಲೆ ಕೂತ ಸಾರಸ ಎಂದು ಯಾರಾದರೂ ಬರೆದರೆ ಅದು ಸಾರಸವಲ್ಲ. ಹಾರುವಾಗ ಬಕದ ಹಾಗೆ ಕತ್ತು ಮಡಿಸುವುದಿಲ್ಲ, ನೇರ ಚಾಚಿರುತ್ತದೆ. ಬೂದು ಮೈ, ತಲೆ ಮತ್ತು ಮೇಲ್ಗತ್ತು ಬರಿ ಕೆಂಪು, ನಿಂತರೆ ಆರಡಿಯ ಹತ್ತಿರ. ಹಾರುವ ಹಕ್ಕಿಗಳಲ್ಲಿ ಇದಕ್ಕಿಂತ ಎತ್ತರದ್ದು ಇನ್ನೊಂದಿಲ್ಲ. ನೀವು ಊರಲ್ಲಿ ಇದನ್ನು ಕಂಡಿರದಿದ್ದರೆ ಆಶ್ಚರ್ಯವಿಲ್ಲ. ಹಳೆಯ ದಾಖಲೆಗಳಲ್ಲೂ ಇದರ ಸೀಮೆ ದಕ್ಷಿಣಕ್ಕೆ ಗೋದಾವರಿಯ ತನಕ. ನಮ್ಮ ಉತ್ತರ ಕರ್ನಾಟಕದ ಕೆಲವು ಕೆರೆಗಳಿಗೆ ಚಳಿಗಾಲದಲ್ಲಿ ಬರುವುದು ಡೆಮಾಯ್ಸೆಲ್ ಕ್ರೇನ್, ಸಾರಸಕ್ಕಿಂತ ಬಹಳ ಚಿಕ್ಕದು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಉಪಯೋಗವೇನು?

ಉತ್ತರ ಪ್ರದೇಶಕ್ಕೆ ಸಾರಸ ರಾಜ್ಯಪಕ್ಷಿ. ಅಲ್ಲಿನ ಅರಣ್ಯ ಇಲಾಖೆ ವರ್ಷಕ್ಕೆ ಎರಡು ಸಲ, ಬೇಸಿಗೆಯಲ್ಲೊಮ್ಮೆ ಚಳಿಗಾಲದಲ್ಲೊಮ್ಮೆ, ಎಣಿಸುತ್ತದೆ. 2023ರ ಲೆಕ್ಕ 19 ಸಾವಿರ ದಾಟಿತ್ತು. ಇಟಾವಾ, ಮೈನ್‌ಪುರಿ ಕಡೆ ರೈತರೊಂದಿಗೇ ಬೆಳೆದ ಹಕ್ಕಿ ಅದು. ಮಹಾರಾಷ್ಟ್ರಕ್ಕೆ ಬಂದರೆ ಗೋಂದಿಯಾ ಜಿಲ್ಲೆಯೇ ಮುಖ್ಯ ನೆಲೆ, ಐವತ್ತು ಹಕ್ಕಿಯೂ ಇಲ್ಲ. ಇಷ್ಟು ದೊಡ್ಡ ಎಣಿಕೆ ಸರ್ಕಾರವೇ ಮಾಡುವಾಗ ನನ್ನ ಹಾಜರಿ ಪುಸ್ತಕ ಯಾಕೆ ಎಂದು ನಿಮಗನ್ನಿಸಬಹುದು. ಎಣಿಕೆಯವರು ಬರುವುದು ಶಾಲಾ ಇನ್‌ಸ್ಪೆಕ್ಟರ್ ಬಂದ ಹಾಗೆ. ಅಂದು ತರಗತಿ ತುಂಬಿರುತ್ತದೆ, ಅಥವಾ ಖಾಲಿ ಇರುತ್ತದೆ. ಯಾವ ಹುಡುಗ ಯಾವ ತಿಂಗಳು ಶಾಲೆ ಬಿಟ್ಟ ಎಂಬುದು ಇನ್‌ಸ್ಪೆಕ್ಟರರಿಗೆ ಗೊತ್ತಾಗುವುದಿಲ್ಲ, ಅಕ್ಕೋರಿಗೆ ಗೊತ್ತು. ಎರಡು ತತ್ತಿಯಲ್ಲಿ ಎಷ್ಟು ಮರಿಯಾದವು, ಅದರಲ್ಲಿ ಹಾರುವ ವಯಸ್ಸಿಗೆ ಬಂದದ್ದೆಷ್ಟು, ಇದನ್ನು ಒಂದೇ ಗದ್ದೆಯನ್ನು ತಿಂಗಳುಗಟ್ಟಲೆ ನೋಡಿದವರು ಮಾತ್ರ ಹೇಳಬಲ್ಲರು. ಸಾರಸ ಬಹುಕಾಲ ಬದುಕುವ ಹಕ್ಕಿ. ಮರಿಗಳೇ ಉಳಿಯದಿದ್ದರೂ ದೊಡ್ಡವುಗಳ ತಲೆ ಎಣಿಕೆ ಹಲವು ವರ್ಷ ಚೆನ್ನಾಗಿಯೇ ಕಾಣುತ್ತಿರುತ್ತದೆ.

ನಿಮ್ಮ ಪುಸ್ತಕದ ತೊಂದರೆಯೂ ಅಲ್ಲೇ ಇದೆ, ಬೇಜಾರು ಮಾಡಿಕೊಳ್ಳಬೇಡಿ. ಸೆಪ್ಟೆಂಬರ್ 11ರ ಪುಟದಲ್ಲಿ "ಮರಿ ಎರಡು, ಅವ್ವನ ಹಿಂದೆ" ಎಂದಿದೆ. ಮುಂದಿನ ಬರಹ ಸೆಪ್ಟೆಂಬರ್ 28: "ಮರಿ ಒಂದು." ನಡುವೆ ಖಾಲಿ. ಪಕ್ಷಮಾಸಕ್ಕೆ ಊರಿಗೆ ಬಂದಿದ್ದೆ ಎಂದು ಪತ್ರದಲ್ಲಿದೆ, ಪುಸ್ತಕದಲ್ಲಿಲ್ಲ. ನಾಳೆ ಈ ಪುಟ ಒಬ್ಬ ಸಂಶೋಧಕರ ಕೈಗೆ ಹೋದರೆ ಅವರಿಗೆ ಆ ಖಾಲಿ ಜಾಗ ಹೇಗೆ ಅರ್ಥವಾಗಬೇಕು? ಅಕ್ಕೋರು ಹೋಗಲಿಲ್ಲವೋ, ಹೋದರೂ ಹಕ್ಕಿ ಇರಲಿಲ್ಲವೋ? ಹುಡುಗ ಗೈರು, ಶಾಲೆಗೆ ರಜೆ, ಎರಡಕ್ಕೂ ಒಂದೇ ಗುರುತು ಹಾಕುತ್ತಿದ್ದಿರಾ ನೀವು? ಹೋದ ದಿನ ಕಾಣದಿದ್ದರೆ ಸೊನ್ನೆ ಬರೆಯಿರಿ. ಹೋಗದ ದಿನ ಅಡ್ಡಗೆರೆ ಎಳೆಯಿರಿ.

ಸೊನ್ನೆಗೆ ಎಷ್ಟು ಬೆಲೆ ಎಂಬುದಕ್ಕೆ ನಿಮಗೆ ದೂರವಲ್ಲದ ಭರತ್‌ಪುರವೇ ಇದೆ. ಸೈಬೀರಿಯಾದ ಬಿಳಿ ಕ್ರೇನ್‌ಗಳು ಅಲ್ಲಿನ ಕೇವಲಾದೇವ್ ರಾಷ್ಟ್ರೀಯ ಉದ್ಯಾನಕ್ಕೆ ಚಳಿಗಾಲ ಕಳೆಯಲು ಬರುತ್ತಿದ್ದವು. 1964-65ರಲ್ಲಿ 200ರಷ್ಟು. ಆಮೇಲೆ ವರ್ಷ ವರ್ಷ ಇಳಿಯುತ್ತ, 2001-02ರ ಚಳಿಗಾಲದಲ್ಲಿ ಒಂದೇ ಜೋಡಿ. ಮತ್ತೆ ಬರಲಿಲ್ಲ. "ಮತ್ತೆ ಬರಲಿಲ್ಲ" ಎಂದು ನಾನು ಇಷ್ಟು ಖಡಾಖಂಡಿತ ಬರೆಯುತ್ತಿರುವುದು, ಬಾರದ ವರ್ಷಗಳಲ್ಲೂ ಯಾರೋ ಹೋಗಿ ನೋಡಿದ್ದರಿಂದ.

ಅದೇ ಕೇವಲಾದೇವ್‌ನಲ್ಲಿ 1980ರ ದಶಕದ ಕೊನೆಗೆ 18 ಸಾರಸಗಳು ಸತ್ತವು. ಸತ್ತದ್ದನ್ನು ಬರೆದಿಟ್ಟು, ಪರೀಕ್ಷೆಗೆ ಒಳಪಡಿಸಿದ್ದರಿಂದ ಆಲ್ಡ್ರಿನ್ ಎಂಬ ಕೀಟನಾಶಕ ಕಾರಣವೆಂದು ಗೊತ್ತಾಯಿತು. ಇಟಾವಾ, ಮೈನ್‌ಪುರಿಯಲ್ಲಿ ವಿದ್ಯುತ್ ತಂತಿಗೆ ಬಡಿದು ವರ್ಷಕ್ಕೆ ನೂರಕ್ಕೆ ಒಂದರಷ್ಟು ಸಾರಸ ಸಾಯುತ್ತವೆ ಎಂದು 2005ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅದೂ ತಂತಿಯ ಕೆಳಗೆ ಬಿದ್ದ ಹಕ್ಕಿಗಳನ್ನು ಒಂದೊಂದಾಗಿ ಲೆಕ್ಕ ಹಿಡಿದದ್ದರಿಂದಲೇ. ನಿಮ್ಮ ಗದ್ದೆಯ ಮೇಲೆ ತಂತಿ ಹೋಗಿದೆಯೇ, ಯಾವ ಬದಿಗೆ, ಒಮ್ಮೆ ಬರೆದಿಡಿ. ಸತ್ತ ಹಕ್ಕಿ ಕಂಡರೆ ಮುಟ್ಟಬೇಡಿ, ಗರಿ ಕೂಡ ಎತ್ತಿಕೊಳ್ಳಬೇಡಿ, ಅದು ಕಾನೂನಿಗೆ ವಿರುದ್ಧ. ತಂತಿಯೂ ಹಕ್ಕಿಯೂ ಒಟ್ಟಿಗೆ ಬರುವಂತೆ ಫೋಟೊ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ.

ನಿಮ್ಮ ಮನೆಯ ಹತ್ತಿರದ್ದೇ ಧನೌರಿ. 2014ರ ಸುಮಾರಿಗೆ ಒಬ್ಬ ಹಕ್ಕಿಪ್ರಿಯರು ಅಲ್ಲಿನ ಸಾರಸಗಳನ್ನು ಕಂಡು ಬರೆಯತೊಡಗಿದ ಮೇಲೆಯೇ ಆ ಜೌಗು ಹೊರಗಿನವರಿಗೆ ಗೊತ್ತಾದದ್ದು. ನೂರಕ್ಕೂ ಹೆಚ್ಚು ಸಾರಸ ಒಟ್ಟು ಸೇರುವ ಜಾಗ ಎಂಬ ದಾಖಲೆಯ ಬಲದಿಂದ ಅದು ಮುಖ್ಯ ಪಕ್ಷಿನೆಲೆಗಳ ಪಟ್ಟಿ ಸೇರಿತು, ರಕ್ಷಣೆಯ ವಿಚಾರ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಪಕ್ಕದ ಜೇವರ್‌ನಲ್ಲಿ ವಿಮಾನ ನಿಲ್ದಾಣ ಎದ್ದಿದೆ, ಸುತ್ತ ಭೂಮಿಯ ಬೆಲೆ ಏನಾಗಿದೆ ಎಂದು ಮಗನನ್ನೇ ಕೇಳಿ. "ಇಲ್ಲಿ ಬಹಳ ಹಕ್ಕಿ ಬರ್ತಾವ್ರೀ" ಎಂಬ ಮಾತು ಅಂಥ ಕಡೆ ನಿಲ್ಲುವುದಿಲ್ಲ. ತಾರೀಖು, ಹೊತ್ತು, ಸಂಖ್ಯೆ ಇದ್ದರೆ ಕೇಳಿಸಿಕೊಳ್ಳುತ್ತಾರೆ, ಕೆಲವು ಸಲ.

ಬರೆಯುವ ಬಗ್ಗೆ ಇನ್ನೆರಡು ಮಾತು. "ಬಹಳ", "ಹಿಂಡು" ಬಿಡಿ, ಎಣಿಸಿ. ಎಷ್ಟು ಹೊತ್ತು ನೋಡಿದಿರಿ ಎಂಬುದನ್ನೂ ಹಾಕಿ. ಹತ್ತು ನಿಮಿಷದಲ್ಲಿ ಕಂಡ ಎರಡಕ್ಕೂ ಮೂರು ತಾಸಿನಲ್ಲಿ ಕಂಡ ಎರಡಕ್ಕೂ ವ್ಯತ್ಯಾಸವಿದೆ. ದೊಡ್ಡವು, ಮರಿ ಬೇರೆ ಬೇರೆ ಬರೆಯಿರಿ. ಮರಿಗೆ ಕೆಂಪು ತಲೆ ಇರುವುದಿಲ್ಲ, ದಾಲ್ಚಿನ್ನಿಯಂಥ ಕಂದು. ನೀವು ಒಂದನ್ನು "ರಾಯರು", ಒಂದನ್ನು "ಬಾಯಾರು" ಎಂದು ಕರೆದಿದ್ದೀರಿ, ನನಗೂ ನಗು ಬಂತು. ಆದರೆ ಗರಿಯ ಬಣ್ಣದಿಂದ ಗಂಡು ಹೆಣ್ಣು ತಿಳಿಯದು, ಗಂಡು ಒಂದಿಷ್ಟು ದೊಡ್ಡದು ಅಷ್ಟೇ. ಜೋಡಿಯಾಗಿ ಕೂಗುವಾಗ ಕಿವಿಗೊಡಿ. ಸಾಮಾನ್ಯವಾಗಿ ಗಂಡಿನ ಒಂದು ಕೂಗಿಗೆ ಹೆಣ್ಣು ಎರಡು ಸಲ ಓಗೊಡುತ್ತದೆ. "ಅದೇ ಜೋಡಿ" ಎಂದು ನೀವು ಬರೆದದ್ದು ಬಹುಶಃ ನಿಜ. ಕಾಲಿಗೆ ಉಂಗುರವಿಲ್ಲದ ಹಕ್ಕಿಯ ವಿಷಯದಲ್ಲಿ ಅದು ಊಹೆಯೂ ಹೌದು. "ಅದೇ ಗದ್ದೆ, ಒಂದು ಜೋಡಿ" ಎಂದರೆ ತಪ್ಪಿಲ್ಲ.

ಪುಸ್ತಕವನ್ನು ಬಿಡಬೇಡಿ, ಜೊತೆಗೆ ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಆ್ಯಪ್ ಅನ್ನು ಮಗನ ಕೈಯಲ್ಲಿ ಫೋನಿಗೆ ಹಾಕಿಸಿಕೊಳ್ಳಿ. ಹಳೆಯ ತಾರೀಖಿನವನ್ನೂ ಅದರಲ್ಲಿ ತುಂಬಬಹುದು. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ, ಸುಮಾರು 30 ಸಾವಿರ ಸಾಮಾನ್ಯ ಹಕ್ಕಿ ನೋಡುಗರು ಹೀಗೆ ತುಂಬಿದ ಮೂರು ಕೋಟಿ ದಾಖಲೆಗಳ ಮೇಲೆ ನಿಂತದ್ದು. ಅವರಲ್ಲಿ ಎಷ್ಟು ಜನ ಅಕ್ಕೋರಿದ್ದರೋ. ಸಾರಸದ ಜೊತೆ ಕಂಡ ಕಾಗೆ, ಗೊರವಂಕವನ್ನೂ ಸೇರಿಸಿ, ಪೂರ್ತಿ ಪಟ್ಟಿಗೆ ಬೆಲೆ ಹೆಚ್ಚು.

ಫೋಟೊದ ವಿಷಯ. ತಪ್ಪೇ, ಆದರೆ ತಿಳಿಯದೆ ಆದದ್ದು. ನಿಮ್ಮ ಪುಸ್ತಕದಲ್ಲೇ ಇದೆಯಲ್ಲ: "ಎರಡೂ ಗೂಡು ಬಿಟ್ಟು ದೂರ ನಿಂತವು. ಅರ್ಧ ತಾಸು. ಕಾಗೆ ಸುತ್ತುತ್ತಿತ್ತು." ನಿಮಗೆ ನಾಚಿಕೆಯಾದರೂ ಅದನ್ನು ಬರೆದಿರಿ, ಹೊಡೆದುಹಾಕಲಿಲ್ಲ, ಅದಕ್ಕೇ ಈ ಪುಸ್ತಕದ ಉಳಿದ ಸಾಲುಗಳನ್ನೂ ನಾನು ನಂಬುತ್ತೇನೆ. ಅಂದು ತತ್ತಿ ಉಳಿದವು, ಸೆಪ್ಟೆಂಬರಿಗೆ ಎರಡೂ ಮರಿಯಾದವು. ಮುಂದಿನ ಮಳೆಗಾಲಕ್ಕೆ ಹೀಗೆ ಮಾಡಿ. ಗೂಡಿನ ಸುದ್ದಿ ಮರಿಗಳು ಗದ್ದೆ ಬಿಡುವ ತನಕ ಯಾರಿಗೂ ಬೇಡ. ಆ್ಯಪಿನಲ್ಲಿ ಆ ಪಟ್ಟಿಯನ್ನು ಇತರರಿಗೆ ಕಾಣದಂತೆ ಇಡಬಹುದು. ಗದ್ದೆಯ ಯಜಮಾನನಿಗೆ ಮಾತ್ರ ಹೇಳಿ, ಅವನಿಗೆ ಹೇಗೂ ನಿಮಗಿಂತ ಮೊದಲೇ ಗೊತ್ತಿರುತ್ತದೆ. ಗೂಡಿಗೆಂದು ಅವನು ಒಂದಿಷ್ಟು ಭತ್ತ ಕಳೆದುಕೊಳ್ಳುತ್ತಾನೆ, ಚಹಾ ಕುಡಿಯುತ್ತ ಅದನ್ನೂ ಕೇಳಿ ಬರೆದುಕೊಳ್ಳಿ.

ಕೊನೆಗೆ ಒಂದು ಕೋರಿಕೆ. ಮೂಲ ಪುಸ್ತಕವನ್ನು ನಮಗಾಗಲಿ, ಇನ್ಯಾರಿಗಾಗಲಿ ಅಂಚೆಯಲ್ಲಿ ಕಳಿಸಬೇಡಿ, ಝೆರಾಕ್ಸ್ ಸಾಕು. ನೀವು ಕಳಿಸಿದ ಕೊನೆಯ ಪುಟ ಜನವರಿ 6ರದ್ದು: "ದಟ್ಟ ಮಂಜು. ಕೂಗು ಕೇಳಿತು. ದೊಡ್ಡವು ಎರಡು ಕಂಡವು. ಮರಿ ಕಾಣಲಿಲ್ಲ." 7ರ ಪುಟ ಲಕೋಟೆಯಲ್ಲಿಲ್ಲ. ಅಂದು ಮರಿ ಹಾಜರಿತ್ತೇ?

— ಸಂ.