ಸಕ್ಕರೆ ಡಬ್ಬಿಯ ಹಿಂದೆ ಸಿಕ್ಕಿದ ಮಾತ್ರೆ

ನಾನು ಕುಡಿತ ಬಿಡುವವರಿಗೆ ಕೌನ್ಸೆಲಿಂಗ್ ಮಾಡುವವಳು. ಮೊದ್ಲೇ ಹೇಳಿಬಿಡ್ತೇನೆ, ಇದ್ರಲ್ಲಿ ಹೆಸರಿಲ್ಲ, ಗುರುತು ಸಿಗುವ ವಿಷಯ ಎಲ್ಲ ಬದಲಿಸಿದ್ದೇನೆ, ಗಂಡ ಹೆಂಡತಿ ಇಬ್ಬರನ್ನೂ ಕೇಳಿಯೇ ಬರೀತಿದ್ದೇನೆ.

ಅವ್ರು ಉಡುಪಿ ಕಡೆಯ ಒಂದು ಪ್ರೈವೇಟ್ ಬಸ್ಸಿನ ಕಂಡಕ್ಟರ್, ವಯಸ್ಸು ನಲವತ್ತು ದಾಟಿದೆ. ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಜೋರು ಮಳೆ, ಅಪಾಯಿಂಟ್‌ಮೆಂಟ್ ಎಂತ ಇಲ್ಲ, ಖಾಕಿ ಅಂಗಿ ಪೂರ್ತಿ ಚಂಡಿ, ಸೀದಾ ಒಳಗೆ ಬಂದು ನನ್ನ ಮೇಜಿನ ಮೇಲೆ ಅರ್ಧ ಖಾಲಿಯಾದ ಒಂದು ಮಾತ್ರೆ ಸ್ಟ್ರಿಪ್ ಇಟ್ರು. "ಮೇಡಂ, ಏಳು ತಿಂಗಳಾಯ್ತು ಒಂದು ತೊಟ್ಟು ಮುಟ್ಲಿಲ್ಲ ನಾನು. ಹೆಂಡತಿ ನನ್ನ ಚಾಕ್ಕೆ ಇದನ್ನು ಪುಡಿ ಮಾಡಿ ಹಾಕ್ತಾ ಇದ್ದಾಳೆ. ಅವಳು ಕಟ್ಟಿದ ಬೀಡಿ ಕೊಡ್ಲಿಕ್ಕೆ ಬ್ರಾಂಚಿಗೆ ಹೋದಾಗ ನಾನೇ ಚಾ ಮಾಡ್ಲಿಕ್ಕೆ ಹೋದೆ, ಸಕ್ಕರೆ ಡಬ್ಬಿಯ ಹಿಂದೆ ಇತ್ತು. ಈಗ ಅನಿಸ್ತದೆ, ಇವತ್ತೇ ಹೋಗಿ ಕುಡಿದು ಮನೆಗೆ ಹೋಗ್ಬೇಕು, ನೋಡು ಅಂತ ತೋರಿಸ್ಬೇಕು."

ನೋಡಿದೆ, ಡೈಸಲ್ಫಿರಾಮ್. ನನಗೆ ಮೈ ಜುಮ್ ಅಂತು. ಯಾಕಂದ್ರೆ ಈ ಮಾತ್ರೆ ಕುಡಿಯುವ ಆಸೆಯನ್ನು ಕಡಿಮೆ ಮಾಡುದಿಲ್ಲ, ಮದ್ಯ ಹೊಟ್ಟೆಗೆ ಹೋದ್ರೆ ಅದು ಪೂರ್ತಿ ಕರಗದ ಹಾಗೆ ನಡುವಿನಲ್ಲೇ ತಡೀತದೆ, ಆಗ ಮುಖ ಕೆಂಪಾಗಿ ಎದೆ ಬಡ್ಕೊಂಡು ವಾಂತಿ ಆಗಿ ಬಿಪಿ ಇಳಿದು, ಕೆಲವರಿಗೆ ಜೀವಕ್ಕೇ ಕುತ್ತು ಬರ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಮೈಯಲ್ಲಿ ಇರಬಹುದು. ಗೊತ್ತಿದ್ದು, ಒಪ್ಪಿ, ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ ಕೊಟ್ರೆ ಅದೊಂದು ಔಷಧಿ, ಗೊತ್ತಿಲ್ಲದೆ ಚಾದಲ್ಲಿ ಹಾಕಿದ್ರೆ ವಿಷಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಹಾಗಾಗಿ ಸಮಾಧಾನ ಗಿಮಾಧಾನ ಎಲ್ಲ ಆಮೇಲೆ ಅಂತ ಮೊದಲು ಇದನ್ನೇ ಹೇಳಿದೆ, ಇನ್ನು ಹದಿನೈದು ದಿನ ಸಿಟ್ಟಲ್ಲಿ ಕೂಡ ಮುಟ್ಬೇಡಿ, ನಿಮ್ಮ ಜೀವಕ್ಕೆ ಅಪಾಯ ಉಂಟು.

ಅವ್ರು ಸ್ವಲ್ಪ ಹೊತ್ತು ಸುಮ್ಮನೆ ಕೂತು ಆಮೇಲೆ ನಕ್ಕು ಬಿಟ್ರು. "ಹಾಗಾದ್ರೆ ಅವಳೇ ಗೆದ್ಳು ಮಾರಾಯ್ರೆ!"

ಇವ್ರ ಹಿಂದಿನ ಕಥೆ ಚಿಕ್ಕದಾಗಿ ಹೇಳ್ತೇನೆ. 2020ರ ಲಾಕ್‌ಡೌನಿನಲ್ಲಿ ಬಾರ್, ವೈನ್‌ಶಾಪ್ ಎಲ್ಲ ಮುಚ್ಚಿದಾಗ ಹೇಗೂ ಸಿಗುದಿಲ್ಲ ಅಂತ ಮನೆಯಲ್ಲೇ ಒಮ್ಮೆಲೆ ಬಿಟ್ಟಿದ್ರು, ಎರಡನೇ ದಿನ ಫಿಟ್ಸ್ ಬಂದು ಆಸ್ಪತ್ರೆಗೆ ಹಾಕ್ಬೇಕಾಯ್ತು. (ದಿನಾ ಜಾಸ್ತಿ ಕುಡಿಯುವವರು ದಯವಿಟ್ಟು ಡಾಕ್ಟರ್ ಹತ್ರ ಕೇಳದೆ ಒಮ್ಮೆಲೆ ನಿಲ್ಲಿಸ್ಬೇಡಿ, ಮೊದಲ ಎರಡು ದಿನದಲ್ಲಿ ಫಿಟ್ಸ್, ಎರಡರಿಂದ ನಾಲ್ಕನೇ ದಿನದೊಳಗೆ ಕಣ್ಣಿಗೆ ಏನೇನೋ ಕಾಣುದು, ದಿಕ್ಕು ತಪ್ಪಿದ ಹಾಗೆ ಮಾತಾಡುದು ಶುರುವಾಗಬಹುದು.) ಮೇ 4ಕ್ಕೆ ಅಂಗಡಿ ತೆರೀತು, ಇವ್ರದ್ದೂ ತೆರೀತು. ಆಮೇಲೆ ಕೆಲವು ವರ್ಷ ಹಾಗೇ ಹೋಯ್ತು, ಕಳೆದ ನವೆಂಬರಿನಲ್ಲಿ ಆಸ್ಪತ್ರೆಯಲ್ಲಿ ಸರಿಯಾಗಿ ಚಿಕಿತ್ಸೆ ತಗೊಂಡು ಬಿಟ್ರು, ಅಲ್ಲಿಂದ ನನ್ನ ಹತ್ರ ಬರ್ಲಿಕ್ಕೆ ಶುರು ಮಾಡಿದ್ರು.

ಜನ ಕೇಳ್ತಾರೆ, ಕುಡಿತ ಬಿಟ್ಟವರಿಗೆ ಯಾವಾಗ ಕಷ್ಟ, ಮದುವೆಯಾ ಹಬ್ಬವಾ ಅಂತ. ಇವ್ರಿಗೆ ಕಷ್ಟ ಇದ್ದದ್ದು ರಾತ್ರಿ ಎಂಟೂ ಮುಕ್ಕಾಲಿಂದ ಹತ್ತರವರೆಗೆ, ದಿನಾ. ಕೊನೇ ಟ್ರಿಪ್ ಮುಗೀತದೆ, ಕಲೆಕ್ಷನ್ ಲೆಕ್ಕ ಕೊಟ್ಟು ಆ ದಿನದ ಸಂಬಳ ನೋಟಲ್ಲೇ ಕೈಗೆ ಬರ್ತದೆ, ಬೆಳಿಗ್ಗೆ ಆರರಿಂದ ಬಾಗಿಲಲ್ಲಿ ನೇತಾಡಿ ಕಿರುಚಿ ಗಂಟಲು ಒಣಗಿರ್ತದೆ, ಟೈಮಿಂಗಿಗೆ ಹಿಂದಿನ ಬಸ್ಸಿನವನ ಹತ್ರ ಜಗಳ ಆಗಿರ್ತದೆ, ಡ್ರೈವರೂ ಕ್ಲೀನರೂ "ಬರ್ತೀರಾ" ಅಂತ ಕರೀತಾರೆ. ಟ್ರೈನಿಂಗಿನಲ್ಲಿ ನಮಗೆ ಕಲಿಸಿದ್ದುಂಟು, ಹಸಿವು, ಸಿಟ್ಟು, ಒಂಟಿತನ, ಸುಸ್ತು, ಈ ನಾಲ್ಕು ಬಂದಾಗ ಜಾಗ್ರತೆ ಅಂತ. ನಾನು ದೊಡ್ಡದಾಗಿ ಬೋರ್ಡಲ್ಲಿ ಬರೆದೆ. ಅವ್ರು ಓದಿ, "ಮೇಡಂ, ಕಂಡಕ್ಟರಿಗೆ ಈ ನಾಲ್ಕೂ ದಿನಾ ಉಂಟಲ್ಲ" ಅಂದ್ರು. ಬೋರ್ಡ್ ಒರೆಸಿದೆ.

ಹಾಗಾಗಿ ಆ ಒಂದೂಕಾಲು ಗಂಟೆಗೆ ಮಾತ್ರ ಪ್ಲಾನ್ ಮಾಡಿದ್ದು. ಏಳೂವರೆಯ ಸ್ಟಾಪಿನಲ್ಲಿ ಐದು ನಿಮಿಷ ಸಿಗ್ತದೆ, ಅಲ್ಲಿ ಬನ್ಸೋ ಗೋಳಿಬಜೆಯೋ ತಿಂದು ಚಾ ಕುಡಿಯುದು, ಖಾಲಿ ಹೊಟ್ಟೆಯಲ್ಲಿ ಬಾರಿನ ಎದುರು ನಡೆಯುದು ಬೇಡ. ಹಣಕ್ಕೆ ಪಿಗ್ಮಿ, ಅಂದ್ರೆ ಏಜೆಂಟ್ ದಿನಾ ಬಂದು ಸ್ವಲ್ಪ ಸ್ವಲ್ಪ ತಗೊಂಡು ಹೋಗುವ ಬ್ಯಾಂಕಿನ ಉಳಿತಾಯ. ಹೆಂಡತಿ ಕೈಗೆ ಕೊಡಿ ಅಂದ್ರೆ ಆಕೆಯೇ ಒಪ್ಲಿಲ್ಲ, "ನಾನು ಇವ್ರಿಗೆ ಅಮ್ಮನಾ" ಅಂತ ಕೇಳಿದ್ರು, ನ್ಯಾಯದ ಪ್ರಶ್ನೆ. ಬಸ್‌ಸ್ಟ್ಯಾಂಡಿನ ಅಂಗಡಿಗಳಿಗೆ ರಾತ್ರಿ ಬರುವ ಪಿಗ್ಮಿ ಏಜೆಂಟಿಗೆ ಲೆಕ್ಕ ಕೊಟ್ಟ ಕೂಡ್ಲೇ ಅರ್ಧ ಹಣ ಕೊಡುದು ಅಂತ ಆಯ್ತು. 1928ರಲ್ಲಿ ನಮ್ಮ ಉಡುಪಿಯಲ್ಲೇ, ಆಮೇಲೆ ಸಿಂಡಿಕೇಟ್ ಬ್ಯಾಂಕ್ ಆದ ಬ್ಯಾಂಕಿನವರು ದಿನಕ್ಕೆ ಎರಡಾಣೆ ಅಂತ ಮನೆಮನೆಯಿಂದ ಸಂಗ್ರಹ ಶುರು ಮಾಡಿದ್ದಲ್ವಾ, ಅದು ನೂರು ವರ್ಷದ ಹತ್ತಿರ ಆಗುವಾಗ ನನ್ನ ಕೌನ್ಸೆಲಿಂಗಿಗೆ ಉಪಯೋಗ ಬಂತು.

ಉಳಿದ ಹೊತ್ತಿಗೆ ಆಟ, ಅಂದ್ರೆ ಯಕ್ಷಗಾನ. ನವೆಂಬರಿನಿಂದ ಊರಲ್ಲಿ ಎಲ್ಲಾದ್ರೂ ಒಂದು ಕಡೆ ಯಕ್ಷಗಾನ ಇದ್ದೇ ಇರ್ತದೆ, ಇವ್ರಿಗೆ ಚಂಡೆ ಕೇಳಿದ್ರೆ ಕಾಲು ನಿಲ್ಲುದಿಲ್ಲ, ನೆರೆಮನೆಯವರ ಬೈಕಿನ ಹಿಂದೆ ಕೂತು ಹೋಗಿ ಹನ್ನೆರಡರವರೆಗೆ ನೋಡಿ ಬಂದು ಮಲಗುದು. ಚಂದ ನಡೀತಾ ಇತ್ತು. ನಾನು ಎಡವಿದ್ದು ಇಲ್ಲೇ. ಮೇ ಕೊನೆಗೆ ಪತ್ತನಾಜೆ ಬರ್ತದೆ, ಅಂದ್ರೆ ಆಟದ ಸೀಸನ್ ಮುಗಿಯುವ ದಿನ, ಮೇಳದವರು ಗೆಜ್ಜೆ ಬಿಚ್ತಾರೆ, ಮಳೆ ಹಿಡೀತದೆ ಅಂತ ಈ ಊರಲ್ಲೇ ಹುಟ್ಟಿದ ನನಗೆ ಗೊತ್ತಿಲ್ವಾ, ಆದ್ರೂ ಆಮೇಲೆ ಎಂತ ಅಂತ ನಾವಿಬ್ರೂ ಮಾತಾಡಿರ್ಲಿಲ್ಲ. ಜೂನಿನಲ್ಲಿ ಅವ್ರಿಗೆ ಸಂಜೆಗೆ ಮಾಡ್ಲಿಕ್ಕೆ ಎಂತದೂ ಇಲ್ಲ. ಮನೆಗೆ ಬಂದು ಗೋಡೆ ನೋಡ್ತಾ ಕೂತ್ಕೊಳ್ಳುದು, ನಿದ್ದೆ ಇಲ್ಲದೆ ಕಣ್ಣು ಕೆಂಪು, ಕೇಳಿದ್ರೆ ಸಿಡುಕು. ಹದಿನೆಂಟು ವರ್ಷ ಕೆಂಪು ಕಣ್ಣು ಅಂದ್ರೆ ಒಂದೇ ಅರ್ಥ ಅಂತ ಕಲಿತ ಹೆಂಡತಿಗೆ ಹೆದರಿಕೆ ಆಯ್ತು. ಬೀಡಿ ಕಟ್ಟುವಲ್ಲಿ ಇನ್ನೊಬ್ಬರು "ನನ್ನ ಗಂಡನಿಗೆ ಇದನ್ನೇ ಹಾಕಿದ್ದು" ಅಂತ ಒಂದು ಸ್ಟ್ರಿಪ್ ಕೊಟ್ರು.

ಆಕೆಯನ್ನು ಕರೆಸಿದೆ. ಬೈಲಿಕ್ಕೆ ತಯಾರಾಗಿ ಕೂತಿದ್ದೆ, ಸತ್ಯ ಹೇಳ್ತೇನೆ. ಆಕೆ ಹೇಳಿದ್ದು ಇಷ್ಟು: "ಮೇಡಂ, ಅವ್ರು ಕುಡೀತಿದ್ದಾಗ ನನಗೆ ರಾತ್ರಿ ಎಂತ ಆಗ್ತದೆ ಅಂತ ಗೊತ್ತಿತ್ತು. ಈಗ ಗೊತ್ತಾಗುದಿಲ್ಲ." ಬೈಲಿಕ್ಕೆ ಬಾಯಿ ಬರ್ಲಿಲ್ಲ. ಮಾತ್ರೆಯ ಅಪಾಯ ಮಾತ್ರ ನಿಧಾನಕ್ಕೆ ಹೇಳಿದೆ, ಅತ್ತು ಬಿಟ್ರು. ಮತ್ತೆ ಗಂಡನ ನೋವು ಬೇರೆ. ಪಿಯುಸಿ ಓದುವ ಮಗಳು ದಿನಾ ರಾತ್ರಿ ಬಾಗಿಲಿಗೆ ಬಂದು "ಬ್ಯಾಗ್ ಕೊಡಿ ಪಪ್ಪ" ಅಂತ ಹತ್ತಿರ ನಿಲ್ತಾಳೆ, ಬ್ಯಾಗಿಗಲ್ಲ, ಬಾಯಿ ವಾಸನೆ ನೋಡ್ಲಿಕ್ಕೆ, ಅದು ಅವ್ರಿಗೆ ಗೊತ್ತುಂಟು, ಅವಳಿಗೂ ಗೊತ್ತುಂಟು ಅವ್ರಿಗೆ ಗೊತ್ತುಂಟು ಅಂತ. ಏಳು ತಿಂಗಳಾದ ಮೇಲೆ ಮನುಷ್ಯನನ್ನು ಬಾರಿಗಿಂತ ಜಾಸ್ತಿ ಈ ಪರೀಕ್ಷೆಯೇ ಸುಸ್ತು ಮಾಡ್ತದೆ, ನಾನು ನೋಡಿದ ಮಟ್ಟಿಗೆ.

ನಾನು ಕೊಟ್ಟ ಸಲಹೆ ಹೀಗೆ. ಮೊದಲು ಡಾಕ್ಟರ್ ಹತ್ರ ಕಳಿಸಿದೆ, ರಕ್ತ ಪರೀಕ್ಷೆಯಲ್ಲಿ ಲಿವರ್ ಇನ್ನೂ ಸರಿ ಆಗಿಲ್ಲ ಅಂತ ಬಂತು, ಅಂದ್ರೆ ಆ ಮಾತ್ರೆ ಇವ್ರಿಗೆ ಆಗುವಂತದ್ದೇ ಅಲ್ಲ. ಕಿಡ್ನಿ ಸರಿ ಉಂಟು ಅಂತ ನೋಡಿ ಡಾಕ್ಟರ್ ಅಕಾಂಪ್ರೊಸೇಟ್ ಕೊಟ್ರು, ದಿನಕ್ಕೆ ಮೂರು ಹೊತ್ತು, ಇದು ಕುಡಿಯುವ ಸೆಳೆತವನ್ನು ಸ್ವಲ್ಪ ತಗ್ಗಿಸುವಂತದ್ದು. ಬೆಳಿಗ್ಗೆಯ ಮಾತ್ರೆ ಹೆಂಡತಿಯ ಎದುರೇ ತಗೊಳ್ಳುದು, ತಗೊಂಡು "ಇವತ್ತು ಕುಡಿಯುದಿಲ್ಲ" ಅಂತ ಬಾಯಿ ಬಿಟ್ಟು ಹೇಳುದು, ನಾಳೆಯ ವಿಷಯ ಬೇಡ. ಆಕೆ "ಆಯ್ತು" ಅನ್ನುದು. ಅಷ್ಟೇ, ಮತ್ತೆ ಮರುದಿನ ಬೆಳಿಗ್ಗೆವರೆಗೆ ಆಕೆ ಕುಡಿತದ ಮಾತೆತ್ತುವ ಹಾಗಿಲ್ಲ, ಹಳೇದು ಕೆದಕುವ ಹಾಗಿಲ್ಲ. ಅನುಮಾನ ಬಂದ್ರೆ ನನಗೆ ಫೋನ್, ಇಲ್ಲಾಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416, ಅದು ರಾತ್ರಿಯೂ ಇರ್ತದೆ, ಕನ್ನಡದಲ್ಲೇ ಮಾತಾಡಬಹುದು. ಗಂಡನಿಗೂ ಒಂದು ಷರತ್ತು, ಮನಸ್ಸು ಸರಿ ಇಲ್ಲದ ದಿನ "ಸರಿ ಇಲ್ಲ" ಅಂತ ಹೇಳ್ಬೇಕು, ಗೋಡೆ ನೋಡ್ತಾ ಕೂತ್ರೆ ಮನೆಯವರು ಎಂತ ಅಂದ್ಕೊಳ್ಬೇಕು. ಮೊದಲ ವಾರ ಇಬ್ರಿಗೂ ನಾಟಕ ಮಾಡಿದ ಹಾಗೆ ಆಯ್ತಂತೆ. ನಾಟಕವೇ, ಮಾಡಿ ಅಂದೆ.

ಜುಲೈಯಲ್ಲಿ ಅಕ್ಕನ ಮಗನ ಮದುವೆಯ ಮೆಹೆಂದಿ ಬಂತು. ನಮ್ಮ ಕರಾವಳಿಯ ಮೆಹೆಂದಿ ಅಂದ್ರೆ ಗೊತ್ತಲ್ಲ, ಕೈಗೆ ಮದರಂಗಿ ಹಚ್ಚುದು ಹೆಂಗಸರು, ಶಾಮಿಯಾನದ ಹಿಂದೆ ನಡೆಯುದು ಬೇರೆ. ಹೋಗದೆ ಇದ್ರೆ ಅಕ್ಕನಿಗೆ ಬೇಸರ. ಮನೆಯಲ್ಲೇ ಉಂಡು ಹೋಗಿ, ಹೆಂಡತಿ ಜೊತೆ ಹೋಗಿ, ಗಾಡಿ ನಿಮ್ಮದೇ ಇರ್ಲಿ, ಒಂಬತ್ತಕ್ಕೆ ಎದ್ದು ಬನ್ನಿ ಅಂದಿದ್ದೆ. ಅವ್ರು ನನಗಿಂತ ಹುಷಾರು, ಹೋದ ಕೂಡ್ಲೇ ಬಡಿಸ್ಲಿಕ್ಕೆ ನಿಂತ್ರಂತೆ. ಒಂದು ಕೈಯಲ್ಲಿ ಕೋರಿ ಗಸಿಯ (ಕೋಳಿ ಸಾರಿನ) ಬಾಲ್ದಿ, ಇನ್ನೊಂದರಲ್ಲಿ ಸೌಟು, "ಗ್ಲಾಸು ಹಿಡೀಲಿಕ್ಕೆ ಮೂರನೇ ಕೈ ಎಲ್ಲುಂಟು ಮೇಡಂ?" ಭಾವ ಒಬ್ಬರು ಒಂದೇ ಪೆಗ್ ಅಂತ ಒತ್ತಾಯ ಮಾಡಿದ್ರು, "ಲಿವರ್ ರಿಪೋರ್ಟ್ ತೋರಿಸ್ಲಾ" ಅಂತ ಕೇಳಿದ್ಮೇಲೆ ಸುಮ್ಮನಾದ್ರು. ಆದ್ರೆ ಮನೆಗೆ ಬಂದ ಮೇಲೆ ರಾತ್ರಿ ಎರಡರವರೆಗೆ ಸೆಳೆತ ಬಂದು ಹೋಗಿ ಮಾಡಿತಂತೆ, ಪ್ರತಿಸಲ ಇಪ್ಪತ್ತು ನಿಮಿಷ, ಗಡಿಯಾರ ನೋಡ್ತಾ ಕೂತದ್ದು, ಹೆಂಡತಿಯನ್ನು ಎಬ್ಬಿಸಿ "ಸರಿ ಇಲ್ಲ" ಅಂದದ್ದು. ಆಕೆ ಎದ್ದು ಕೂತು ಬೀಡಿ ಎಲೆ ಕತ್ತರಿಸಿದ್ರು, ಇಬ್ರೂ ಮಾತಾಡ್ಲಿಲ್ಲ.

ಈಗ ಹನ್ನೊಂದು ತಿಂಗಳು. ಚಾ ಹತ್ತು ಹನ್ನೆರಡು ಆಗ್ತದೆ ದಿನಕ್ಕೆ, ಗ್ಯಾಸ್ಟ್ರಿಕ್, ಅದಕ್ಕೊಂದು ಬೇರೆ ಸೆಶನ್ ಬೇಕು. ಪಿಗ್ಮಿ ಹಣದಲ್ಲಿ ವಾಷಿಂಗ್ ಮೆಷಿನ್ನಾ ಮಗಳ ಫೀಸಾ ಅಂತ ಗಂಡ ಹೆಂಡತಿಗೆ ಜಗಳ, ನನ್ನ ಹತ್ರ ತೀರ್ಪು ಕೇಳಿದ್ರು, ಕೊಡ್ಲಿಲ್ಲ. ಮಗಳು ಈಗ್ಲೂ ಬ್ಯಾಗಿಗೆ ಬರ್ತಾಳೆ. ಹೋದ ವಾರ ಇವ್ರೇ ಬಗ್ಗಿ ಮುಖ ಹತ್ತಿರ ತಗೊಂಡು ಹೋಗಿ "ನೋಡು" ಅಂದ್ರಂತೆ. ಅವಳು ಮೂಗು ಮುಚ್ಚಿ, "ಛೀ ಪಪ್ಪ, ಡೀಸೆಲ್ ವಾಸನೆ, ಮೊದ್ಲು ಮೀಯಿರಿ" ಅಂದ್ಳಂತೆ.