ಡೀಸೆಲ್ ಆಟೊಮ್ಯಾಟಿಕ್ ತೊಗೊಂಡ್ರೆ ಮೈಲೇಜ್ ನಿಜಕ್ಕೂ ಎಷ್ಟು ಬೀಳುತ್ತೆ?

ನೀವು ಬರೆದಿರುವುದು ಇಷ್ಟು: ಬೆಂಗಳೂರಿನಲ್ಲಿ ಆಫೀಸಿಗೆ ಹೋಗಿ ಬರಲು ದಿನಕ್ಕೆ 32 ಕಿ.ಮೀ., ತಿಂಗಳಿಗೆ ಎರಡು ಸಲ ಹಾಸನದ ಊರಿಗೆ, ಡೀಸೆಲ್ ಎಸ್‌ಯುವಿಯೇ ಬೇಕು ಅಂತ ತೀರ್ಮಾನ ಆಗಿದೆ. ಆದರೆ ಶೋರೂಮಿನವರು "ಆಟೊಮ್ಯಾಟಿಕ್ ಡೀಸೆಲ್ ಜಾಸ್ತಿ ಕುಡಿಯುತ್ತೆ ಸಾರ್" ಅಂದುಬಿಟ್ಟಿದ್ದಾರೆ. ಕುಡಿಯುತ್ತೆ, ಸುಳ್ಳಲ್ಲ. ಆದರೆ ಎಲ್ಲಿ ಕುಡಿಯುತ್ತೆ ಅನ್ನೋದನ್ನ ಅವರು ಹೇಳಿಲ್ಲ.

ನಮ್ಮ ಮನೆಯಲ್ಲಿ ಎರಡೂ ಇವೆ. ತಮ್ಮನದು ಮ್ಯಾನ್ಯುಯಲ್, ನನ್ನದು ಆಟೊಮ್ಯಾಟಿಕ್. ಮಾಡೆಲ್ ಒಂದೇ, 1.5 ಲೀಟರಿನ ಡೀಸೆಲ್ ಎಂಜಿನ್ನೂ ಒಂದೇ. ಹೆಸರು ಹೇಳಿದರೆ ಕಾಮೆಂಟಿನಲ್ಲಿ ಬ್ರ್ಯಾಂಡ್ ಜಗಳ ಶುರುವಾಗುತ್ತೆ, ಅದು ಬೇಡ.

ಮೊದಲು ಒಂದು ವಿಷಯ ಕೇಳಿಕೊಳ್ಳಿ: ನಿಮಗೆ ತೋರಿಸಿದ ಆಟೊಮ್ಯಾಟಿಕ್ ಯಾವ ಜಾತಿಯದು? ಎಎಂಟಿ ಅಂದರೆ ಒಳಗಿರೋದು ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನ ನಿಮ್ಮ ಕಾಲು, ಕೈ ಬದಲು ಒಂದು ಯಂತ್ರ ಮಾಡುತ್ತೆ. ಹಾಗಾಗಿ ಡೀಸೆಲ್ ಖರ್ಚೂ ಹೆಚ್ಚುಕಮ್ಮಿ ಅಷ್ಟೇ. 2018ರಲ್ಲಿ ಮಾರುತಿ ವಿಟಾರಾ ಬ್ರೆಝಾ ಡೀಸೆಲ್‌ಗೆ ಎಎಂಟಿ ಬಂದಾಗ ಎರಡಕ್ಕೂ ಕಂಪನಿ ಕೊಟ್ಟ ಮೈಲೇಜ್ ಲೀಟರಿಗೆ 24.3 ಕಿ.ಮೀ. ಟಾಟಾ ನೆಕ್ಸಾನ್ ಡೀಸೆಲ್‌ನಲ್ಲಂತೂ ಎಎಂಟಿಯದೇ ಒಂದು ಕೈ ಮೇಲು: ಮ್ಯಾನ್ಯುಯಲ್ 23.23, ಎಎಂಟಿ 24.08. ಯಂತ್ರಕ್ಕೆ ಅವಸರ ಇಲ್ಲ ನೋಡಿ, ಬೇಗ ಬೇಗ ಮೇಲಿನ ಗೇರಿಗೆ ಹೋಗಿಬಿಡುತ್ತೆ.

ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಆಟೊಮ್ಯಾಟಿಕ್, ನನ್ನದೂ ಇದೇ) ಬೇರೆ ಕಥೆ. ಹ್ಯುಂಡೈ ಕ್ರೆಟಾ ಡೀಸೆಲ್: ಮ್ಯಾನ್ಯುಯಲ್ 21.8, ಆಟೊಮ್ಯಾಟಿಕ್ 19.1. ಟಾಟಾ ಹ್ಯಾರಿಯರ್: 16.8 ಮತ್ತು 14.6. ಎರಡರಲ್ಲೂ ಶೇಕಡಾ 12–13ರಷ್ಟು ಕಡಿಮೆ. ಇವೆಲ್ಲ ಕಂಪನಿಗಳು ಹೇಳುವ ಎಆರ್‌ಎಐ (ವಾಹನ ಪರೀಕ್ಷೆ ಮಾಡುವ ಸಂಸ್ಥೆ) ಲೆಕ್ಕ. ರೋಲರ್ ಮೇಲೆ ಕಾರು ನಿಲ್ಲಿಸಿ, ಎಸಿ ಆಫ್ ಮಾಡಿ, ಸುಮಾರು 20 ನಿಮಿಷ, 90ರ ವೇಗ ದಾಟದೆ ಓಡಿಸುವ ಪರೀಕ್ಷೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಅದರಲ್ಲಿ ಬರಲ್ಲ.

ಅದಕ್ಕೇ ಹೋದ ವರ್ಷ ನಾನೂ ತಮ್ಮನೂ ಒಂದು ಭಾನುವಾರ ಹಾಳು ಮಾಡಿಕೊಂಡೆವು. ನೆಲಮಂಗಲದ ಹತ್ತಿರ ಒಂದು ಬಂಕ್, ಒಂದೇ ಪಂಪು, ಎರಡೂ ಕಾರಿಗೆ ಫುಲ್ ಟ್ಯಾಂಕ್. ನೀವೂ ಮಾಡೋದಾದರೆ ಇಲ್ಲಿ ಹುಷಾರು. ಡೀಸೆಲ್ ನೊರೆ ಬರುತ್ತೆ. ಹುಡುಗ ರಭಸವಾಗಿ ಬಿಟ್ಟರೆ ನೊರೆಗೇ ನಾಜಲ್ ಕಟ್ ಆಗುತ್ತೆ, ಟ್ಯಾಂಕ್ ಇನ್ನೂ ತುಂಬಿರಲ್ಲ. ಆಮೇಲೆ "ರೌಂಡ್ ಮಾಡ್ಲಾ ಸಾರ್?" ಅಂತ ಕೇಳಿ ಇನ್ನೂ ಒಂದೂವರೆ ಲೀಟರ್ ತುಂಬಿಸುತ್ತಾನೆ. ಅಲ್ಲಿಗೆ ನಿಮ್ಮ ಲೆಕ್ಕ ಗೋವಿಂದ. ನಾವು ನಿಧಾನಕ್ಕೆ ಬಿಡಲು ಹೇಳಿ, ಕಟ್ ಆದ ಮೇಲೆ ಎರಡು ನಿಮಿಷ ಕಾದು, ಇನ್ನೊಮ್ಮೆ ಕಟ್ ಆಗುವವರೆಗೆ ಹಾಕಿಸಿ ನಿಲ್ಲಿಸಿದೆವು. ಹಿಂದಿದ್ದ ಲಾರಿಯವನು ಬೈದ, ನ್ಯಾಯವೇ.

ಕುಣಿಗಲ್, ಚನ್ನರಾಯಪಟ್ಟಣದ ಮೇಲೆ ಹಾಸನ, ವಾಪಸ್ಸು ಅದೇ ಬಂಕು, ಅದೇ ಪಂಪು. ಒಟ್ಟು 322 ಕಿ.ಮೀ. ಎಸಿ 24ಕ್ಕೆ, ವೇಗ 90ರ ಆಸುಪಾಸು. ಮ್ಯಾನ್ಯುಯಲ್‌ಗೆ ಹಿಡಿಸಿದ್ದು 15.9 ಲೀಟರ್, ನನ್ನದಕ್ಕೆ 17. ಅಂದರೆ 20.2 ಮತ್ತು 18.9. ನನ್ನ ಕಾರಿನ ಡಿಸ್‌ಪ್ಲೇ ಮಾತ್ರ 20.6 ಅಂತ ತೋರಿಸುತ್ತಾ ಕೂತಿತ್ತು. ಅದರ ಮಾತು ನಂಬಬೇಡಿ.

ಹೈವೇನಲ್ಲಿ ಅಂತರ ಇಷ್ಟು ಕಡಿಮೆ ಯಾಕೆ ಅಂದರೆ, ಟಾರ್ಕ್ ಕನ್ವರ್ಟರ್ ಅನ್ನೋದು ಎಣ್ಣೆಯಲ್ಲಿ ಎದುರುಬದುರು ಕೂತ ಎರಡು ಫ್ಯಾನ್ ಇದ್ದ ಹಾಗೆ. ಎಂಜಿನ್ ಒಂದನ್ನ ತಿರುಗಿಸುತ್ತೆ, ಆ ಎಣ್ಣೆಯ ರಭಸಕ್ಕೆ ಇನ್ನೊಂದು ತಿರುಗುತ್ತೆ. ನಡುವೆ ಜಾರಿಹೋದ ಶಕ್ತಿಯೆಲ್ಲ ಎಣ್ಣೆ ಬಿಸಿ ಮಾಡೋದಕ್ಕೇ ಸರಿ. ಕಾರು ಒಂದು ವೇಗ ಹಿಡಿದ ಮೇಲೆ ಒಳಗಿನ ಲಾಕ್‌ಅಪ್ ಕ್ಲಚ್ ಎರಡನ್ನೂ ಕಚ್ಚಿ ಹಿಡಿಯುತ್ತೆ. ಆಮೇಲೆ ಜಾರುವ ಮಾತಿಲ್ಲ, ಮ್ಯಾನ್ಯುಯಲ್ ಥರವೇ ಓಡುತ್ತೆ.

ಊರೊಳಗೆ ಆ ಭಾಗ್ಯ ಇಲ್ಲ. ಹತ್ತು ಮೀಟರ್ ಹೋಗಿ ನಿಲ್ಲು, ಮತ್ತೆ ಹತ್ತು ಮೀಟರ್. ಪ್ರತಿ ಸಲವೂ ಎಣ್ಣೆ ಕಡೆದು ಕಡೆದೇ ಹೊರಡಬೇಕು. ಸಿಗ್ನಲ್‌ನಲ್ಲಿ ಡಿ (ಡ್ರೈವ್) ಗೇರಿನಲ್ಲೇ ಬ್ರೇಕ್ ಒತ್ತಿ ನಿಂತರೆ ಎಂಜಿನ್ ಆಗಲೂ ಎಣ್ಣೆಯನ್ನ ತಳ್ಳುತ್ತಲೇ ಇರುತ್ತೆ. ನನ್ನ ಕಾರಿನಲ್ಲಿ ಎಸಿ ಹಾಕಿ ನಿಂತಾಗ ನ್ಯೂಟ್ರಲ್‌ನಲ್ಲಿ ಗಂಟೆಗೆ 0.8 ಲೀಟರ್ ತೋರಿಸಿದರೆ, ಡಿ ನಲ್ಲಿ 1.1. ಉದ್ದದ ಸಿಗ್ನಲ್ ಇದ್ದರೆ ನ್ಯೂಟ್ರಲ್‌ಗೆ ಹಾಕಿ, ಇನ್ನೂ ಉದ್ದ ಇದ್ದರೆ ಎಂಜಿನ್ ಆಫ್ ಮಾಡಿ. ಮೂರು ತಿಂಗಳ ಬಿಲ್ಲು ಸೇರಿಸಿ ನೋಡಿದರೆ ಬೆಂಗಳೂರೊಳಗೆ ತಮ್ಮನಿಗೆ ಸಿಕ್ಕಿದ್ದು 14, ನನಗೆ 11.6.

ಆದರೆ ಆ 14 ಕೂಡ ಗೇರ್‌ಬಾಕ್ಸಿನದಲ್ಲ, ನನ್ನ ತಮ್ಮನದು. ಅದೇ ಕಾರನ್ನ ನಮ್ಮ ಸೋದರಮಾವ ಎರಡು ವಾರ ಓಡಿಸಿದರು, ಅದೇ ರಸ್ತೆ, 16.8 ತೆಗೆದರು. ಕೆಎಸ್‌ಆರ್‌ಟಿಸಿ ಚಾಲಕರಾಗಿ ನಿವೃತ್ತರಾದವರು. ಕೆಎಂಪಿಎಲ್ (ಲೀಟರಿಗೆ ಎಷ್ಟು ಕಿ.ಮೀ.) ಅನ್ನೋ ಪದ ಅವರ ಬಾಯಲ್ಲಿ ದಿನಕ್ಕೆ ನಾಲ್ಕು ಸಲ ಬರುತ್ತೆ. ಪಕ್ಕದಲ್ಲಿ ಕೂತು ನೋಡಿದೆ. ಮುಂದಿನ ಸಿಗ್ನಲ್ ಕೆಂಪಾಗುತ್ತೆ ಅನ್ನೋವಾಗಲೇ ಆಕ್ಸಿಲರೇಟರಿನಿಂದ ಕಾಲು ತೆಗೆದಿರುತ್ತಾರೆ, ಗೇರಿನಲ್ಲೇ ಉರುಳಿಕೊಂಡು ಹೋಗುತ್ತಾರೆ, ಬ್ರೇಕ್ ಮುಟ್ಟೋದು ಕೊನೆಗೆ. "ಬ್ರೇಕ್ ಒತ್ತಿದೆ ಅಂದ್ರೆ ಆಗಲೇ ಡೀಸೆಲ್ ಚೆಲ್ಲಿದ್ದೀಯ ಅಂತ ಕಣೋ" ಅಂದರು. ನನ್ನ ತಮ್ಮ 60ರಲ್ಲೂ ಮೂರನೇ ಗೇರಿನಲ್ಲೇ ಇರುವ ಆಸಾಮಿ. ಮ್ಯಾನ್ಯುಯಲ್‌ನ ಪೂರ್ತಿ ಲಾಭ ಸಿಗೋದು ಓಡಿಸುವವರು ಮಾವನ ಥರ ಇದ್ದರೆ ಮಾತ್ರ.

ಮಾವನೂ ಒಂದು ಕಡೆ ತಪ್ಪಿದರು ಅನ್ನಿ. ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಉಳಿತಾಯ ಅಂತ ಇನ್ನೂ ವಾದಿಸುತ್ತಾರೆ. ಈಗಿನ ಡೀಸೆಲ್ ಎಂಜಿನ್‌ನಲ್ಲಿ ಗೇರಿನಲ್ಲಿದ್ದು ಕಾಲು ತೆಗೆದರೆ ಇಂಜೆಕ್ಟರ್ ಡೀಸೆಲ್ ಬಿಡೋದೇ ನಿಲ್ಲಿಸುತ್ತೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಚಾಲೂ ಇರಲು ಡೀಸೆಲ್ ಬೇಕೇ ಬೇಕು. ಶಿರಾಡಿಯಲ್ಲಿ ಎಂಜಿನ್ ಬ್ರೇಕ್ ಬಿಟ್ಟು ಇಳಿಯೋದು ಅಪಾಯ, ಅದಂತೂ ಬೇರೆಯೇ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಆಫೀಸಿಗೆ 22 ದಿನ, ಸುಮಾರು 700 ಕಿ.ಮೀ. ನಮ್ಮ ಅಂಕಿ ಹಾಕಿದರೆ ಮ್ಯಾನ್ಯುಯಲ್‌ಗೆ 50 ಲೀಟರ್, ಆಟೊಮ್ಯಾಟಿಕ್‌ಗೆ 60. ಹಾಸನಕ್ಕೆ ಎರಡು ಸಲ, 740 ಕಿ.ಮೀ. ಅಂದುಕೊಳ್ಳಿ: 36.6 ಮತ್ತು 39.2. ಒಟ್ಟು ಹೆಚ್ಚುವರಿ ತಿಂಗಳಿಗೆ 13 ಲೀಟರಿನ ಒಳಗೆ, ಅದರಲ್ಲಿ ಹತ್ತು ಊರೊಳಗೇ ಹೋದದ್ದು. ಲೀಟರಿಗೆ 90 ರೂಪಾಯಿ ಹಿಡಿದರೆ ತಿಂಗಳಿಗೆ 1,150ರ ಹತ್ತಿರ, ವರ್ಷಕ್ಕೆ 14 ಸಾವಿರ.

ಈ ಹದಿನಾಲ್ಕು ಸಾವಿರಕ್ಕೆ ತಲೆ ಕೆಡಿಸಿಕೊಂಡವರು ಇನ್ನೊಂದನ್ನ ನೋಡೋದೇ ಇಲ್ಲ. ಈ ವರ್ಗದ ಕಾರುಗಳಲ್ಲಿ ಆಟೊಮ್ಯಾಟಿಕ್‌ಗೆ ಸುಮಾರು ಒಂದೂವರೆ ಲಕ್ಷ ಹೆಚ್ಚು. 10ರಿಂದ 20 ಲಕ್ಷದ ಕಾರಿಗೆ ನಮ್ಮ ರಾಜ್ಯದಲ್ಲಿ ರಸ್ತೆ ತೆರಿಗೆ ಶೇ. 17, ಅದರ ಮೇಲೆ ಸೆಸ್ ಬೇರೆ. ಆ ಒಂದೂವರೆ ಲಕ್ಷ ಆನ್‌ರೋಡ್ ಆಗುವಾಗ 1.75 ಲಕ್ಷ ದಾಟುತ್ತೆ. ಅಂದರೆ ಹನ್ನೆರಡು ವರ್ಷದ ಡೀಸೆಲ್ ವ್ಯತ್ಯಾಸವನ್ನ ಮೊದಲ ದಿನವೇ ಶೋರೂಮಿನಲ್ಲಿ ಕೊಟ್ಟು ಬಂದಿರುತ್ತೀರಿ. ದುಡ್ಡಿನ ಕಾರಣಕ್ಕೆ ಮ್ಯಾನ್ಯುಯಲ್ ತೊಗೊಳ್ಳೋದಾದರೆ ಇದು ಕಾರಣ, ಮೈಲೇಜ್ ಅಲ್ಲ. ಮೊದಲೇ ಆ ದುಡ್ಡು ಹಾಕಲು ತಯಾರಿದ್ದರೆ ತಿಂಗಳ ಸಾವಿರಕ್ಕೆ ಹೆದರಬೇಡಿ. ತಮ್ಮ 70 ಸಾವಿರ ಕಿ.ಮೀ.ಗೇ ಕ್ಲಚ್ ಸೆಟ್ ಬದಲಿಸಿದ, ನಾನಿನ್ನೂ ಗೇರ್ ಆಯಿಲ್‌ಗಷ್ಟೇ ಖರ್ಚು ಮಾಡಿದ್ದೇನೆ.

ಇನ್ನೊಂದು ಮಾತು. ಬಿಎಸ್-6 ಡೀಸೆಲ್‌ಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಅನ್ನೋ ಫಿಲ್ಟರ್ ಇರುತ್ತೆ. ಅದು ತನ್ನ ಮಸಿ ಸುಟ್ಟುಕೊಳ್ಳುವಾಗ ಹೆಚ್ಚಿಗೆ ಡೀಸೆಲ್ ಎಳೆಯುತ್ತೆ, ಆ ದಿನ ಮೈಲೇಜ್ ದಿಢೀರ್ ಇಳಿದರೆ ಗೇರ್‌ಬಾಕ್ಸಿಗೆ ಬೈಯಬೇಡಿ. ಹೈವೇ ಓಟದಲ್ಲಿ ಆ ಮಸಿ ಸರಾಗವಾಗಿ ಸುಡುತ್ತೆ, ಹಾಗಾಗಿ ತಿಂಗಳಿಗೆರಡು ಸಲ ಹಾಸನಕ್ಕೆ ಹೋಗುವ ನಿಮಗೆ ಅದು ತೊಂದರೆ ಕೊಡೋದು ಕಡಿಮೆ.

ಟೆಸ್ಟ್ ಡ್ರೈವ್‌ಗೆ ಭಾನುವಾರ ಬೆಳಿಗ್ಗೆ ಕರೆಯುತ್ತಾರೆ, ಹೋಗಬೇಡಿ. ಸೋಮವಾರ ಸಂಜೆ ಆರೂವರೆಗೆ ಹೋಗಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ನಿಮ್ಮ ಆಫೀಸಿನ ದಾರಿಯಲ್ಲೇ ಮೊದಲು ಮ್ಯಾನ್ಯುಯಲ್, ಆಮೇಲೆ ಆಟೊಮ್ಯಾಟಿಕ್ ಓಡಿಸಿ.